ಚಿಪ್ಪಿಗೆ ಕನ್ನಡ ಗೊತ್ತಾ?

ಹೊಸಹಳ್ಳಿ ಮೆಟ್ರೊ ಸ್ಟೇಷನ್ನಿಂದ ಇಳಿದು ವಿಜಯನಗರದ ಕಡೆಗೆ ಹತ್ತು ನಿಮಿಷ ನಡೆಯಿರಿ. ದಾರೀಲಿ ಎಷ್ಟು ಪರದೆ ಸಿಗುತ್ತವೆ ಅಂತ ಒಮ್ಮೆ ಎಣಿಸಿ. ಮುಂದಿನ ರೈಲು ಎಷ್ಟು ನಿಮಿಷಕ್ಕೆ ಅಂತ ಹೇಳುವ ಪ್ಲಾಟ್‌ಫಾರ್ಮಿನ ಬೋರ್ಡು, ಬಿಎಂಟಿಸಿ ಬಸ್ಸಿನ ನೆತ್ತಿ ಮೇಲಿನ ಎಲ್‌ಇಡಿ ಬೋರ್ಡು, ಆಟೊ ಮೀಟರು, ತರಕಾರಿ ಅಂಗಡಿಯ ತಕ್ಕಡಿ, ಅಪಾರ್ಟ್‌ಮೆಂಟಿನ ಲಿಫ್ಟು, ಮನೆಯ ಕರೆಂಟ್ ಮೀಟರು. ಕೈಯಲ್ಲಿ ಫೋನಂತೂ ಇದ್ದೇ ಇದೆ. ಇವುಗಳಲ್ಲಿ ಕೆಲವು ಚೆನ್ನಾಗಿ ಕನ್ನಡ ತೋರಿಸುತ್ತವೆ. ಕೆಲವಕ್ಕೆ ಇಂಗ್ಲಿಷ್ ಬಿಟ್ಟರೆ ಬೇರೇನೂ ಬರಲ್ಲ.

ಯಾಕೆ ಹೀಗೆ? ಉತ್ತರ ಇರೋದು ಪರದೆಯ ಹಿಂದೆ ಕೂತಿರುವ ಎರಡು ಬಗೆಯ ಚಿಪ್ಪುಗಳಲ್ಲಿ. ಒಂದು ಕಂಟ್ರೋಲರ್, ಇನ್ನೊಂದು ಡ್ರೈವರ್. ಇಂಥ ಪರದೆಗಳ ಜೊತೆ ಕೆಲಸ ಮಾಡುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಈ ಸಲ ಅದರ ಬಗ್ಗೆಯೇ ಬರೆಯೋಣ ಅಂದುಕೊಂಡೆ.

ಪಂಕ್ತಿಯಲ್ಲಿ ಬಡಿಸಿದ ಹಾಗೆ

ಯಾವ ಪರದೆಯಾದರೂ ಅದು ಚುಕ್ಕಿಗಳ ಸಾಲು. ಒಂದೊಂದು ಚುಕ್ಕಿಗೂ ಒಂದೊಂದು ತಂತಿ ಎಳೆಯುತ್ತಾ ಹೋದರೆ ಮುಗಿಯಿತು ಕಥೆ. 1080 ಅಡ್ಡಕ್ಕೆ, 2400 ಉದ್ದಕ್ಕೆ ಚುಕ್ಕಿ ಇರುವ ಫೋನಿಗೆ 25 ಲಕ್ಷಕ್ಕೂ ಹೆಚ್ಚು ತಂತಿ ಬೇಕಾಗುತ್ತೆ. ಅದಕ್ಕೇ ಅಡ್ಡ ಗೆರೆಗಳು, ಉದ್ದ ಗೆರೆಗಳು ಅಂತ ಜಾಲ ಹೆಣೆದು, ಒಂದು ಸಲಕ್ಕೆ ಒಂದು ಸಾಲಿಗೆ ಮಾತ್ರ ಮಾಹಿತಿ ಕೊಡುತ್ತಾರೆ.

ಮದುವೆ ಮನೆಯ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಯಾವ ಸಾಲಿಗೆ ಈಗ ಏನು ಹೋಗಬೇಕು ಅಂತ ಪಟ್ಟಿ ಹಿಡಿದು ನಿಂತು ಹೇಳುವವರು ಒಬ್ಬರು. ಅವರೇ ಕಂಟ್ರೋಲರ್. ಬಕೆಟ್ ಹಿಡಿದು ಓಡಾಡಿ ಎಲೆ ಎಲೆಗೂ ಅಳತೆ ನೋಡಿ ಬಡಿಸುವವರು ಡ್ರೈವರ್‌ಗಳು. ಹೇಳುವವರು ಬಡಿಸಲ್ಲ, ಬಡಿಸುವವರು ಮೆನು ತೀರ್ಮಾನ ಮಾಡಲ್ಲ.

ಎಲ್‌ಸಿಡಿ ಫೋನಿನಲ್ಲಿ ಈ ಬಡಿಸುವವರಲ್ಲೂ ಎರಡು ಗುಂಪು. ಗೇಟ್ ಡ್ರೈವರ್ ಒಂದೊಂದೇ ಸಾಲನ್ನು ತೆರೆಯುತ್ತೆ. ಆಗ ಸೋರ್ಸ್ ಡ್ರೈವರ್ ಆ ಸಾಲಿನ ಎಲ್ಲ ಚುಕ್ಕಿಗಳಿಗೂ ಬೇಕಾದ ವೋಲ್ಟೇಜ್ ಕೊಡುತ್ತೆ. ಪ್ರತಿ ಚುಕ್ಕಿಯಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಭಾಗ ಇರೋದರಿಂದ 1080 ಅಂದರೆ 3240 ಗೆರೆಗಳು. ಸೆಕೆಂಡಿಗೆ 60 ಸಲ ಇಡೀ ಪರದೆ ಬರೆಯಬೇಕಾದರೆ ಒಂದು ಸಾಲಿಗೆ ಸಿಗುವ ಸಮಯ ಸುಮಾರು 7 ಮೈಕ್ರೊಸೆಕೆಂಡು. ಅಷ್ಟರೊಳಗೆ ಪ್ರತಿ ಬಣ್ಣಕ್ಕೂ 256 ಮಟ್ಟಗಳಲ್ಲಿ ಸರಿಯಾದದ್ದನ್ನು ಆರಿಸಿ ಬಡಿಸಿ ಮುಂದಿನ ಸಾಲಿಗೆ ಹೋಗಬೇಕು. ಜೊತೆಗೆ ಇನ್ನೊಂದು ನಿಯಮ: ಲಿಕ್ವಿಡ್ ಕ್ರಿಸ್ಟಲ್‌ಗೆ ಸದಾ ಒಂದೇ ದಿಕ್ಕಿನ ವೋಲ್ಟೇಜ್ ಕೊಟ್ಟರೆ ಅದು ಹಾಳಾಗುತ್ತೆ. ಹಾಗಾಗಿ ಪ್ಲಸ್ಸು ಮೈನಸ್ಸು ಅದಲು ಬದಲು ಮಾಡುತ್ತಲೇ ಇರಬೇಕು. ನೀವು ರೀಲ್ಸ್ ನೋಡುವಾಗ ಇಷ್ಟೆಲ್ಲ ನಡೆಯುತ್ತಿರುತ್ತೆ.

ಬಸ್ಸಿನ ಎಲ್‌ಇಡಿ ಬೋರ್ಡಿನಲ್ಲೂ ನಡೆಯೋದು ಇದೇ ತರಹ, ಇನ್ನೂ ಸರಳವಾಗಿ. ಅಂಗಡಿ ಮುಂದೆ ಕೆಂಪಕ್ಷರ ಓಡಿಸುವ ಬೋರ್ಡು ನೋಡಿದ್ದೀರಲ್ಲ? ಅದರಲ್ಲಿ ಸಾಮಾನ್ಯವಾಗಿ 32 ಅಡ್ಡ, 16 ಉದ್ದ ಚುಕ್ಕಿಗಳ ಹಲಗೆಗಳನ್ನು ಪಕ್ಕಪಕ್ಕ ಜೋಡಿಸಿರುತ್ತಾರೆ. ಯಾವ ಕ್ಷಣದಲ್ಲಿ ನೋಡಿದರೂ ನಾಲ್ಕರಲ್ಲಿ ಒಂದು ಪಾಲಷ್ಟೇ ಉರಿಯುತ್ತಿರುತ್ತೆ. ಬೇಗ ಬೇಗ ಸರದಿ ಬದಲಾಗೋದರಿಂದ ಕಣ್ಣಿಗೆ ಇಡೀ ಬೋರ್ಡು ಒಟ್ಟಿಗೆ ಉರಿದ ಹಾಗೆ ಕಾಣುತ್ತೆ. ಫೋನಿನಲ್ಲಿ ವಿಡಿಯೊ ಮಾಡಿದರೆ ಕಪ್ಪು ಪಟ್ಟೆಗಳು ಓಡುತ್ತವಲ್ಲ, ಅದು ಇದೇ ಸರದಿ.

ಅಕ್ಷರ ಎಲ್ಲಿಂದ ಬರುತ್ತೆ?

ಈವರೆಗೆ ಹೇಳಿದ್ದರಲ್ಲಿ ಭಾಷೆಯ ಮಾತೇ ಬರಲಿಲ್ಲ, ಗಮನಿಸಿದಿರಾ? ಡ್ರೈವರ್‌ಗೆ ಗೊತ್ತಿರೋದು ಚುಕ್ಕಿ ಮಾತ್ರ. ಫೋನಿನಲ್ಲಿ ‘ಹೊಸಹಳ್ಳಿ’ ಅಂತ ಟೈಪ್ ಮಾಡಿದರೆ ಒಳಗೆ ಎಂಟು ಯೂನಿಕೋಡ್ ಸಂಕೇತಗಳು ಸೇರಿಕೊಳ್ಳುತ್ತವೆ: ಹ, ಒಕಾರದ ಚಿಹ್ನೆ, ಸ, ಹ, ಳ, ಹಲಂತ, ಇನ್ನೊಂದು ಳ, ಗುಡಿಸು. ಈ ಎಂಟನ್ನು ನಾಲ್ಕು ಅಕ್ಷರ ಮಾಡಿ, ಎರಡನೇ ಳಕಾರವನ್ನು ಒತ್ತಾಗಿ ಕೆಳಗೆ ಇಳಿಸಿ, ಕೊನೆಗೆ ಬಂದ ಗುಡಿಸನ್ನು ಮೇಲಿನ ಳಕಾರಕ್ಕೆ ಹಾಕುವುದು ಫೋನಿನ ಸಾಫ್ಟ್‌ವೇರು. ಅದು ಕೆಲಸ ಮುಗಿಸಿ ಚಿತ್ರವನ್ನು ಕೊಟ್ಟ ಮೇಲೆ ಡ್ರೈವರ್ ಚುಕ್ಕಿ ಬಡಿಸುತ್ತೆ. ಸಾಫ್ಟ್‌ವೇರಿಗೆ ಒತ್ತು ಜೋಡಿಸಲು ಬರದಿದ್ದರೆ ‘ಹೊಸಹಳ್‌ಳಿ’ ಅಂತ ಮುರಿದು ಬರುತ್ತೆ. ಕೆಲವು ಬೋರ್ಡುಗಳಲ್ಲಿ ನೀವು ಇದನ್ನು ನೋಡಿರುತ್ತೀರಿ.

ಆದರೆ ಅಗ್ಗದ ಯಂತ್ರಗಳಲ್ಲಿ ಇಷ್ಟು ಬುದ್ಧಿ ಇರುವ ಪ್ರೊಸೆಸರ್ ಇರುತ್ತಿರಲಿಲ್ಲ. ಹಾಗಾಗಿ ಅಕ್ಷರಗಳನ್ನೇ ಕಂಟ್ರೋಲರ್ ಚಿಪ್ಪಿನೊಳಗೆ ಅಚ್ಚು ಹಾಕಿಬಿಟ್ಟರು. ಇದರಲ್ಲಿ ಎಲ್ಲರ ತಾತ ಅಂದರೆ ಜಪಾನಿನ ಹಿಟಾಚಿ ಕಂಪನಿ 1980ರ ದಶಕದಲ್ಲಿ ತಂದ ಎಚ್‌ಡಿ44780. ಸಾಲಿಗೆ 16 ಅಕ್ಷರ, ಎರಡು ಸಾಲು ಇರುವ ಹಸಿರು ಅಥವಾ ನೀಲಿ ಬಣ್ಣದ ಪುಟ್ಟ ಎಲ್‌ಸಿಡಿ ಇದೆಯಲ್ಲ, ಇಂಜಿನಿಯರಿಂಗ್ ಓದಿದವರೆಲ್ಲ ಪ್ರಾಜೆಕ್ಟಿಗೆ ಎಸ್‌ಪಿ ರೋಡಿನಿಂದ ತಂದಿರುತ್ತಾರಲ್ಲ, ಅದೇ. ತಿರುಗಿಸಿ ನೋಡಿದರೆ ಹಿಂದೆ ಸಾಮಾನ್ಯವಾಗಿ ಎರಡು ಕಪ್ಪು ಬೊಟ್ಟು ಕಾಣುತ್ತವೆ. ಒಂದು ಬೊಟ್ಟಿನ ಕೆಳಗೆ ಕಂಟ್ರೋಲರ್. ಅದು ತಾನೇ 40 ಉದ್ದ ಗೆರೆಗಳನ್ನು ನಡೆಸಬಲ್ಲದು. 16 ಅಕ್ಷರಕ್ಕೆ 80 ಗೆರೆ ಬೇಕು. ಉಳಿದ 40ಕ್ಕೆ ಎರಡನೇ ಬೊಟ್ಟಿನ ಕೆಳಗೆ ಇನ್ನೊಂದು ಡ್ರೈವರ್.

ಈ ಚಿಪ್ಪಿಗೆ ‘65’ ಅಂತ ಕಳಿಸಿದರೆ ಸಾಕು, ಇಂಗ್ಲಿಷಿನ ಎ ಅಕ್ಷರದ ಚುಕ್ಕಿಗಳನ್ನು ತಾನೇ ತೆಗೆದು ತೋರಿಸುತ್ತೆ. ಒಂದೊಂದು ಅಕ್ಷರಕ್ಕೂ 5 ಅಡ್ಡ, 8 ಉದ್ದ ಚುಕ್ಕಿಗಳ ಮನೆ. ಒಂದು ಮಾದರಿಯಲ್ಲಿ ಇಂಗ್ಲಿಷಿನ ಜೊತೆ ಜಪಾನಿನ ಕಟಕಾನ ಅಕ್ಷರಗಳಿವೆ. ಇನ್ನೊಂದರಲ್ಲಿ ಯೂರೋಪಿನ ಭಾಷೆಗಳ ಅಕ್ಷರಗಳಿವೆ. ಜಪಾನಿ ಮಾದರಿಯಲ್ಲಿ ಯೆನ್ ಚಿಹ್ನೆ ಇದೆ. ನಮ್ಮ ರೂಪಾಯಿ ಚಿಹ್ನೆ ಬಂದದ್ದೇ 2010ರಲ್ಲಿ, ಅದು ಎಲ್ಲಿ ಇರಬೇಕು! ಅದಕ್ಕೇ ಇಂಥ ಯಂತ್ರಗಳಲ್ಲಿ ಇವತ್ತಿಗೂ ‘ಆರ್‌ಎಸ್’ ಅಂತ ಎರಡಕ್ಷರ ಬರೋದು.

ನೀರಿನ ಘಟಕದ ಅಜ್ಜಿ

ಇದೆಲ್ಲ ಯಾಕೆ ಮುಖ್ಯ ಅಂತ ನನಗೆ ತಟ್ಟಿದ್ದು ನಮ್ಮ ಮನೆ ಹತ್ತಿರದ ಒಂದು ಶುದ್ಧ ನೀರಿನ ಘಟಕದಲ್ಲಿ. ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಜಾಗ. ಒಬ್ಬರು ಅಜ್ಜಿ ಎರಡು ಕಾಯಿನ್ ಹಾಕಿ ಕಾಯುತ್ತಾ ನಿಂತಿದ್ದರು. ನೀರು ಬರುತ್ತಿರಲಿಲ್ಲ. ‘ಏನ್ ಬರ್ದಿದೆ ನೋಡಪ್ಪ ಅದ್ರಲ್ಲಿ’ ಅಂದರು. ನೋಡಿದರೆ ಟ್ಯಾಂಕಿನಲ್ಲಿ ನೀರಿಲ್ಲ ಅಂತ ಇಂಗ್ಲಿಷಿನಲ್ಲಿ ಬರುತ್ತಿತ್ತು. ಯಂತ್ರ ತನ್ನ ಮಾತು ಹೇಳಿತ್ತು. ಅಜ್ಜಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತೆ. ಆದರೂ ಹತ್ತು ರೂಪಾಯಿ ಹೋಯಿತು.

ಘಟಕ ನೋಡಿಕೊಳ್ಳುವ ಹುಡುಗನನ್ನು ಕೇಳಿದೆ, ‘ಇದನ್ನ ಕನ್ನಡದಲ್ಲಿ ಹಾಕ್ಸೋಕಾಗಲ್ವಾ?’

‘ಬರಲ್ಲ ಅಣ್ಣ. ಚಿಪ್ಪಲ್ಲೇ ಕನ್ನಡ ಇಲ್ವಂತೆ, ಕಂಪ್ನಿಯೋರು ಹೇಳಿದ್ರು.’

ಆ ಹುಡುಗ ಹೇಳಿದ್ದು ಸುಳ್ಳಲ್ಲ. ಅಲ್ಲಿದ್ದದ್ದು ಅದೇ ಎರಡು ಸಾಲಿನ ಎಲ್‌ಸಿಡಿ. ಅದರಲ್ಲಿ ನಾವೇ ಚಿತ್ರ ಬಿಡಿಸಿಕೊಳ್ಳಲು ಎಂಟೇ ಎಂಟು ಖಾಲಿ ಮನೆಗಳಿವೆ. ‘ಹೊಸಹಳ್ಳಿ’ ಅಂತ ಹೇಗೋ ತುರುಕಬಹುದು. ಆದರೆ ಎಂಟೇ ಚುಕ್ಕಿ ಎತ್ತರದಲ್ಲಿ ಅಕ್ಷರ, ಗುಡಿಸು, ಒತ್ತು ಮೂರೂ ಹಿಡಿಯಲ್ಲ. ಮನೆ ಮನೆಗೂ ನಡುವೆ ಸಂದಿ ಬೇರೆ ಇರೋದರಿಂದ ಅಗಲವಾದ ಅಕ್ಷರ ಸೀಳಿದ ಹಾಗೆ ಕಾಣುತ್ತೆ. ಆ ಪರದೆಯಲ್ಲಿ ಓದುವಂಥ ಕನ್ನಡ ಬರಲ್ಲ ಅನ್ನೋದು ನಿಜ.

ಪೂರ್ತಿ ನಿಜ ಬೇರೆ ಇದೆ. ಅದೇ ಯಂತ್ರಕ್ಕೆ ಬೇರೆ ಪರದೆ ಹಾಕಬಹುದಿತ್ತು. 128 ಅಡ್ಡ, 64 ಉದ್ದ ಚುಕ್ಕಿಗಳ ಗ್ರಾಫಿಕ್ ಪರದೆಗಳು ಬಂದು ಎಷ್ಟೋ ಕಾಲವಾಯಿತು. ಅವುಗಳಲ್ಲಿ ಎಷ್ಟೋ ಕಂಟ್ರೋಲರ್‌ಗಳ ಒಳಗೆ ಯಾವ ಭಾಷೆಯ ಅಕ್ಷರವೂ ಇಲ್ಲ. ಪುಟ್ಟ ಓಎಲ್‌ಇಡಿಗಳಲ್ಲಿ ಬರುವ ಎಸ್‌ಎಸ್‌ಡಿ1306 ಅಂಥದ್ದು. ಅದರಲ್ಲಿರುವುದು 1024 ಬೈಟ್ ಮೆಮೊರಿ, ಅಂದರೆ ಚುಕ್ಕಿಗೆ ಒಂದು ಬಿಟ್. ನಾವು ಕೊಟ್ಟ ಚಿತ್ರ ಏನೋ ಅದನ್ನೇ ತೋರಿಸುತ್ತೆ. ಅದಕ್ಕೆ ಇಂಗ್ಲಿಷೂ ಒಂದೇ, ಕನ್ನಡವೂ ಒಂದೇ.

ಲೆಕ್ಕ ಹಾಕಿ ನೋಡೋಣ. ಒತ್ತಕ್ಷರ ಸಮೇತ ಓದಲು ಬರುವ ಹಾಗೆ ಒಂದು ಸಾಲಿಗೆ 16 ಚುಕ್ಕಿ ಎತ್ತರ ಇಟ್ಟುಕೊಳ್ಳೋಣ. 128 ಅಡ್ಡ, 16 ಎತ್ತರ ಅಂದರೆ 2048 ಚುಕ್ಕಿ, 256 ಬೈಟ್. ನೀರಿನ ಯಂತ್ರ ಹೇಳಬೇಕಾದ ಮಾತು ಎಷ್ಟಿರಬಹುದು? ‘ಕಾಯಿನ್ ಹಾಕಿ’, ‘ಟ್ಯಾಂಕ್ ಖಾಲಿ’, ‘ಕಾಯಿನ್ ಹಾಕಬೇಡಿ’, ‘ಕರೆಂಟ್ ಇಲ್ಲ’. 20 ಮಾತು ಅಂದರೂ 5120 ಬೈಟ್. ಕಾಲೇಜು ಹುಡುಗರು ಬಳಸುವ ಆರ್ಡುಯಿನೊ ಯೂನೊ ಬೋರ್ಡಿನ ಚಿಪ್ಪಿನಲ್ಲೇ 32 ಕಿಲೊಬೈಟ್ ಜಾಗ ಇದೆ. ಆರರಲ್ಲಿ ಒಂದು ಪಾಲು ಕೂಡ ತುಂಬಲ್ಲ. ಮಾತುಗಳು ಮೊದಲೇ ಗೊತ್ತಿರೋದರಿಂದ ಒತ್ತು ಜೋಡಿಸುವ ಸಾಫ್ಟ್‌ವೇರೂ ಬೇಡ. ಕಂಪ್ಯೂಟರಿನಲ್ಲಿ ಒಮ್ಮೆ ಬರೆದು, ಚಿತ್ರ ಮಾಡಿ, ಒಳಗೆ ಇಟ್ಟರೆ ಆಯಿತು. ಪರದೆಯ ಬೆಲೆಯಲ್ಲಿ ವ್ಯತ್ಯಾಸ ಕೆಲವು ನೂರು ರೂಪಾಯಿ.

ಕೇಳಿದವರಿಗೆ ಸಿಕ್ಕಿದೆ

ತೈವಾನಿನ ಸಿಟ್ರೊನಿಕ್ಸ್ ಕಂಪನಿಯ ಎಸ್‌ಟಿ7920 ಅಂತ ಒಂದು ಗ್ರಾಫಿಕ್ ಕಂಟ್ರೋಲರ್ ಇದೆ. ಅದರೊಳಗೆ 16 ಅಡ್ಡ, 16 ಉದ್ದ ಚುಕ್ಕಿಗಳ 8192 ಚೀನೀ ಅಕ್ಷರಗಳನ್ನು ಅಚ್ಚು ಹಾಕಿದ್ದಾರೆ. ಅಷ್ಟು ಅಕ್ಷರ ಇರುವ ಲಿಪಿಗೂ ಜಾಗ ಸಿಕ್ಕಿತು, ಯಾಕೆಂದರೆ ಕೊಳ್ಳುವವರು ಅದನ್ನು ಕೇಳುತ್ತಿದ್ದರು.

ನಮ್ಮಲ್ಲೂ ಹೀಗೆ ಆಗಿದ್ದುಂಟು. ಡಾಸ್ ಕಾಲದ ಪರ್ಸನಲ್ ಕಂಪ್ಯೂಟರಿನ ಪರದೆಗೂ ಇದೇ ಕಾಯಿಲೆ ಇತ್ತು. ಅಕ್ಷರಗಳು ಡಿಸ್ಪ್ಲೇ ಕಾರ್ಡಿನ ಚಿಪ್ಪಿನಲ್ಲಿ ಅಚ್ಚಾಗಿದ್ದವು, ಕನ್ನಡ ಇರಲಿಲ್ಲ. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಶುರುವಾದ ಕೆಲಸ ಮುಂದೆ ಪುಣೆಯ ಸಿ-ಡ್ಯಾಕ್‌ನಲ್ಲಿ ಜಿಸ್ಟ್ ಕಾರ್ಡ್ ಆಯಿತು. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಕನ್ನಡವೂ ಸೇರಿ ಭಾರತದ ಲಿಪಿಗಳು ಪರದೆ ಮೇಲೆ ಬರುತ್ತಿದ್ದವು. ಅಷ್ಟು ಕಷ್ಟಪಟ್ಟು ತಂದಿದ್ದನ್ನು ಈಗ ಒಂದು ಸಾಧಾರಣ ಪರದೆ ಬದಲಿಸಿ ತರಬಹುದು. 1985ರಲ್ಲೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ಚಿಪ್ ವಿನ್ಯಾಸ ಶುರು ಮಾಡಿದ ಊರು ನಮ್ಮದು. ಇಲ್ಲಿ ‘ಚಿಪ್ಪಲ್ಲಿ ಕನ್ನಡ ಇಲ್ಲ’ ಅನ್ನುವ ಮಾತು ಕೇಳಿ ಸುಮ್ಮನಾಗುವ ಹಾಗಿಲ್ಲ.

ನಿಮ್ಮ ಫೋನಿಗೊಂದು ಪರೀಕ್ಷೆ

ಇಷ್ಟು ಓದಿದ್ದಕ್ಕೆ ಕೈಗೆ ಸಿಗುವ ಉಪಯೋಗ ಒಂದನ್ನು ಹೇಳುತ್ತೇನೆ. ಫೋನಿನ ಪರದೆ ಮೇಲೆ ಇದ್ದಕ್ಕಿದ್ದಂತೆ ಹಸಿರು ಗೆರೆಯೋ ಬಿಳಿ ಗೆರೆಯೋ ಬಂದರೆ ಗಾಬರಿಯಾಗಿ ಎಲ್ಲ ಅಳಿಸಿ ರೀಸೆಟ್ ಮಾಡಲು ಹೋಗಬೇಡಿ. ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆದು ಸ್ನೇಹಿತರ ಫೋನಿಗೆ ಕಳಿಸಿ. ಅಲ್ಲಿ ಗೆರೆ ಕಾಣದಿದ್ದರೆ ನಿಮ್ಮ ಪ್ರೊಸೆಸರ್ ಕಳಿಸಿದ ಚಿತ್ರ ಸರಿಯಿದೆ, ತೊಂದರೆ ಇರೋದು ಅದರಿಂದಾಚೆ, ಡ್ರೈವರ್‌ನಲ್ಲೋ ಅದರ ಜೋಡಣೆಯಲ್ಲೋ ಗಾಜಿನಲ್ಲೋ. ರೀಸೆಟ್ಟಿನಿಂದ ಅದು ಹೋಗಲ್ಲ. ಫೋನಿನಲ್ಲಿ ಡ್ರೈವರ್ ಚಿಪ್ಪನ್ನು ಪರದೆಯ ಅಂಚಿಗೋ ಅದರ ತೆಳು ಪಟ್ಟಿಗೋ ಅಂಟಿಸಿಬಿಟ್ಟಿರುತ್ತಾರೆ. ಅದೊಂದನ್ನೇ ಬಿಡಿಸಿ ಹಾಕುವುದು ಸಾಮಾನ್ಯ ಅಂಗಡಿಯ ಕೆಲಸವಲ್ಲ. ಅದಕ್ಕೇ ರಿಪೇರಿಯವರು ಇಡೀ ಡಿಸ್ಪ್ಲೇ ಬದಲಾಯಿಸಬೇಕು ಅನ್ನೋದು. ಗೆರೆ ಹೆಚ್ಚಾಗುವ ಮೊದಲು ಫೋಟೊ, ಕಾಂಟ್ಯಾಕ್ಟ್ಸ್ ಬ್ಯಾಕಪ್ ಮಾಡಿಕೊಳ್ಳಿ.

ನೀರಿನ ಘಟಕದಲ್ಲಿ ಈಗ ಯಂತ್ರದ ಮೇಲೆ ಕನ್ನಡದ ಚೀಟಿಯೊಂದನ್ನು ಅಂಟಿಸಿದ್ದಾರೆ, ಕಾಯಿನ್ ಎಲ್ಲಿ ಹಾಕಬೇಕು ಅಂತ. ಇಲ್ಲದ್ದಕ್ಕಿಂತ ವಾಸಿ. ಆದರೆ ಇವತ್ತು ಟ್ಯಾಂಕಿನಲ್ಲಿ ನೀರಿದೆಯಾ ಅನ್ನೋದನ್ನು ಚೀಟಿ ಹೇಳಲಾರದು, ಪರದೆಯೇ ಹೇಳಬೇಕು.

ನಿಮ್ಮಲ್ಲಿ ಕೆಲವರು ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನಲ್ಲಿ ಇದ್ದೀರಿ, ಕೆಲವರು ಆಫೀಸಿನಲ್ಲಿ ಯಂತ್ರ ಖರೀದಿಗೆ ಸಹಿ ಹಾಕುತ್ತೀರಿ, ಕೆಲವರು ಇಂಥ ಯಂತ್ರಗಳನ್ನೇ ತಯಾರಿಸುತ್ತೀರಿ. ಮುಂದಿನ ಸಲ ಲಿಫ್ಟಿಗೋ ನೀರಿನ ಯಂತ್ರಕ್ಕೋ ಆರ್ಡರ್ ಕೊಡುವಾಗ ಒಂದು ಸಾಲು ಸೇರಿಸಿ: ‘ಗ್ರಾಫಿಕ್ ಪರದೆ ಇರಬೇಕು, ಸೂಚನೆಗಳು ಕನ್ನಡದಲ್ಲೂ ಬರಬೇಕು.’ ‘ಚಿಪ್ಪಲ್ಲಿ ಇಲ್ಲ’ ಅಂದರೆ, ‘ಯಾವ ಚಿಪ್ಪು?’ ಅಂತ ಕೇಳಿ.