‘ಡೇಟಾ ಹೇಳುತ್ತದೆ ಸಾರ್!’

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಅವನಿಗೆ ಬೆಂಗಳೂರಿನಲ್ಲಿ ದೊಡ್ಡ ಹುದ್ದೆ. ಹಲವು ಊರುಗಳಲ್ಲಿ ಮಳಿಗೆಗಳಿರುವ ಸಂಸ್ಥೆಯೊಂದಕ್ಕೆ ಅಂಕಿ-ಅಂಶಗಳನ್ನು ವಿಶ್ಲೇಷಿಸಿ ಕೊಡುವುದು ಅವನ ಕೆಲಸ. ಕಾಫಿ ಕುಡಿಯುತ್ತಾ ಲ್ಯಾಪ್‌ಟಾಪ್ ತೆರೆದು ತೋರಿಸಿದ. ಲಾಭದ ಮಳಿಗೆಗಳಿಗೆ ಹಸಿರು ಚುಕ್ಕೆ, ಸೊರಗಿದವುಗಳಿಗೆ ಕೆಂಪು ಚುಕ್ಕೆ. ಕೆಂಪು ಚುಕ್ಕೆಗಳು ಎಂಟಿದ್ದವು.

“ಇವುಗಳ ಗತಿ ಏನಪ್ಪಾ?” ಎಂದೆ.

“ಮುಚ್ಚುತ್ತಾರೆ ಸಾರ್.”

“ಹಾಗೆಂದು ತೀರ್ಮಾನಿಸಿದವರು ಯಾರು?”

“ಯಾರೂ ಅಲ್ಲ. ಡೇಟಾ ಹೇಳುತ್ತದೆ ಸಾರ್!”

ಹುಡುಗ ಬುದ್ಧಿವಂತ, ಸಜ್ಜನ. ಆದರೆ ಅವನ ಈ ಮಾತು ನನಗೆ ಸರಿಬರಲಿಲ್ಲ. ಅದಕ್ಕಾಗಿಯೇ ಈ ಬರಹ.

ಮೊದಲಿಗೇ ಒಂದು ಮಾತು. ಮೂವತ್ತು ವರ್ಷ ಗಣಿತ ಕಲಿಸಿದ ನಾನು ಅಂಕಿಗಳ ವೈರಿಯಲ್ಲ. ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆ 2004ರಲ್ಲಿ ಫ್ಲೋರಿಡಾ ಕಡೆಗೆ ಫ್ರಾನ್ಸಿಸ್ ಚಂಡಮಾರುತ ಬರುತ್ತಿದ್ದಾಗ, ಹಿಂದಿನ ಚಂಡಮಾರುತದ ವೇಳೆಯ ಮಾರಾಟದ ಲೆಕ್ಕವನ್ನು ಜಾಲಾಡಿತು. ಅಂಥ ಸಮಯದಲ್ಲಿ ಸ್ಟ್ರಾಬೆರಿ ಪಾಪ್-ಟಾರ್ಟ್ ಎಂಬ ತಿನಿಸು ಎಂದಿಗಿಂತ ಏಳು ಪಟ್ಟು ಖರ್ಚಾಗುತ್ತದೆಂದು ತಿಳಿದು, ಲಾರಿಗಳಲ್ಲಿ ಮುಂಚಿತವಾಗಿಯೇ ಕಳುಹಿಸಿತು. ಯಾವ ಗುಮಾಸ್ತನ ಊಹೆಗೂ ನಿಲುಕದ ಸಂಗತಿಯಿದು. ಇದನ್ನು ಮೆಚ್ಚಲೇಬೇಕು.

ನನ್ನ ತಕರಾರು ಬೇರೆ. ಲೆಕ್ಕ ಹೇಳುವುದು ‘ಏನಾಯಿತು’ ಎಂಬುದನ್ನು ಮಾತ್ರ. ‘ಏಕಾಯಿತು’ ಎಂಬುದನ್ನು ಮನುಷ್ಯನೇ ಹೋಗಿ ಕೇಳಬೇಕು. ಅಮೆಜಾನ್ ಸಂಸ್ಥೆ 2014ರಿಂದ ಉದ್ಯೋಗಾಕಾಂಕ್ಷಿಗಳ ಅರ್ಜಿಗಳನ್ನು ಜರಡಿ ಹಿಡಿಯುವ ತಂತ್ರಾಂಶವೊಂದನ್ನು ಪ್ರಯೋಗಾರ್ಥವಾಗಿ ರೂಪಿಸಿತ್ತು. ಹತ್ತು ವರ್ಷಗಳ ಹಳೆಯ ಅರ್ಜಿಗಳೇ ಅದಕ್ಕೆ ಪಠ್ಯಪುಸ್ತಕ. ಅವುಗಳಲ್ಲಿ ಬಹುಪಾಲು ಗಂಡಸರವು. ಹೀಗಾಗಿ ಯಂತ್ರ ಕಲಿತ ಪಾಠವೆಂದರೆ, ಗಂಡಸರೇ ಮೇಲು! ಮಹಿಳೆಯರದು ಎಂದು ಸೂಚಿಸುವ ಪದವಿದ್ದ ಅರ್ಜಿಗಳಿಗೆ ಅಂಕ ಕಡಿತ. ಕೊನೆಗೆ ಸಂಸ್ಥೆ ಆ ಯೋಜನೆಯನ್ನೇ ಕೈಬಿಟ್ಟಿತೆಂದು 2018ರಲ್ಲಿ ರಾಯಿಟರ್ಸ್ ವರದಿ ಮಾಡಿತು. ಹಿಂದಿನವರ ಪಕ್ಷಪಾತವನ್ನು ಯಂತ್ರ ಚಾಚೂ ತಪ್ಪದೆ ಬಾಯಿಪಾಠ ಮಾಡಿತ್ತು, ಅಷ್ಟೇ.

ಇನ್ನೊಂದು ಉದಾಹರಣೆ ಝಿಲೋ. ಮನೆಗಳ ಬೆಲೆ ಅಂದಾಜಿಸುವುದರಲ್ಲಿ ಹೆಸರಾದ ಅಮೆರಿಕದ ಕಂಪನಿಯಿದು. ತನ್ನ ಲೆಕ್ಕವನ್ನು ನಂಬಿ 2018ರಿಂದ ತಾನೇ ಮನೆಗಳನ್ನು ಕೊಂಡು ಮಾರತೊಡಗಿತು. ಬೆಲೆಯ ಮುನ್ಸೂಚನೆ ಕೈಕೊಟ್ಟಿತು. 2021ರ ನವೆಂಬರ್‌ನಲ್ಲಿ ಆ ವ್ಯವಹಾರವನ್ನೇ ಮುಚ್ಚುವುದಾಗಿ, ಸುಮಾರು ಶೇ. 25ರಷ್ಟು ನೌಕರರನ್ನು ತೆಗೆಯುವುದಾಗಿ ಪ್ರಕಟಿಸಿತು. ತಪ್ಪಿದ್ದು ಸೂತ್ರ, ಕೆಲಸ ಹೋದದ್ದು ಮನುಷ್ಯರದು. ಸೂತ್ರಕ್ಕೆ ಹೆಂಡತಿ ಮಕ್ಕಳಿಲ್ಲ, ಮನೆ ಬಾಡಿಗೆಯೂ ಇಲ್ಲ.

ಪರರ ತಪ್ಪನ್ನಷ್ಟೇ ಎತ್ತಿ ಹೇಳಿದರೆ ಅನ್ಯಾಯವಾದೀತು. ದೀಪದ ಬುಡದಲ್ಲೇ ಕತ್ತಲೆ. ಈಗ ನನ್ನ ಕಥೆ ಕೇಳಿ.

ನಾನು ಮಲೆನಾಡಿನ ಶಾಲೆಯೊಂದರಲ್ಲಿದ್ದಾಗ, ಎಸ್.ಎಸ್.ಎಲ್.ಸಿ. ಫಲಿತಾಂಶ ಹೆಚ್ಚಿಸಬೇಕೆಂಬ ಒತ್ತಡ ಬಂತು. ಒಂಬತ್ತನೆಯ ತರಗತಿಯ ಹಾಜರಿಯನ್ನೂ ಕಿರುಪರೀಕ್ಷೆಯ ಅಂಕಗಳನ್ನೂ ಸೇರಿಸಿ, ಯಾರು ಮುಂದೆ ಫೇಲಾಗಬಹುದೆಂದು ಪಟ್ಟಿ ತಯಾರಿಸಿದವನು ನಾನೇ. ಕೊನೆಯಲ್ಲಿದ್ದ ನಾಲ್ವರನ್ನು ಒಂಬತ್ತರಲ್ಲೇ ಉಳಿಸಿದೆವು. ಮರುವರ್ಷ ಶಾಲೆಯ ಶೇಕಡಾವಾರು ಏರಿತು, ಅಭಿನಂದನೆಯೂ ಬಂತು. ಅಂಶ ಹಾಗೆಯೇ ಇದ್ದು ಛೇದ ಕಿರಿದಾದರೆ ಭಿನ್ನರಾಶಿಯ ಬೆಲೆ ಹಿಗ್ಗುತ್ತದೆ ಎಂದು ನಿಮಗೆಲ್ಲ ಕಲಿಸಿದವನು ನಾನೇ ಅಲ್ಲವೇ? ಪಾಸಾದವರ ಸಂಖ್ಯೆಯಲ್ಲಿ ಒಬ್ಬನೂ ಹೆಚ್ಚಾಗಿರಲಿಲ್ಲ.

ಆ ನಾಲ್ವರಲ್ಲಿ ಒಬ್ಬ ಶಾಲೆಯನ್ನೇ ಬಿಟ್ಟ. ಬಹಳ ದಿನಗಳ ನಂತರ ಅವನ ತಂದೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದರು: “ಆ ಮಳೆಗಾಲ ಹಳ್ಳದ ಕಾಲುಸಂಕ ಕೊಚ್ಚಿಹೋಗಿತ್ತಲ್ಲ ಮೇಷ್ಟ್ರೇ, ಹುಡುಗ ಹ್ಯಾಗೆ ಬರ್ತಾನೆ?” ನನ್ನ ಬಳಿ ಉತ್ತರವಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಗೆ ಗುರುತಿದೆ. ಕಾರಣಕ್ಕೆ ಕಾಲಂ ಇಲ್ಲ. ಗುರುತು ಹಾಕಿದ ನಾನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ನಮ್ಮೂರಿನ ದಿನಸಿ ಅಂಗಡಿಯವರಲ್ಲೂ ಉದ್ರಿ ಪುಸ್ತಕವಿತ್ತು. ಬಾಕಿ ಬೆಳೆದರೆ ಅವರು ಪುಸ್ತಕ ನೋಡುತ್ತಿದ್ದರು, ಜೊತೆಗೆ ಮುಖವನ್ನೂ ನೋಡುತ್ತಿದ್ದರು. ತೋಟಕ್ಕೆ ಕೊಳೆರೋಗ ಬಂದಿದೆಯೆಂದು ತಿಳಿದರೆ ಅಡಿಕೆ ಕೊಯ್ಲಿನ ತನಕ ಕಾಯುತ್ತಿದ್ದರು. ಸೋಮಾರಿಗೆ ಮಾತ್ರ ಮುಲಾಜಿಲ್ಲದೆ ಇಲ್ಲ ಎನ್ನುತ್ತಿದ್ದರು. ಕೊಟ್ಟರೂ ಕೊಡದಿದ್ದರೂ ‘ನಾನು ಕೊಟ್ಟೆ’, ‘ನಾನು ಕೊಡಲಿಲ್ಲ’ ಎಂದೇ ಹೇಳುತ್ತಿದ್ದರು. ‘ಪುಸ್ತಕ ಹೇಳಿತು’ ಎಂದು ಜಾರಿಕೊಳ್ಳುತ್ತಿರಲಿಲ್ಲ. ಅಷ್ಟು ಲಕ್ಷ ಗಿರಾಕಿಗಳ ಮುಖ ನೋಡಲಾದೀತೇ ಎಂದು ನೀವು ಕೇಳಬಹುದು. ಎಲ್ಲರದೂ ಬೇಡ, ಯಾರ ಅನ್ನಕ್ಕೆ ಕೈ ಹಾಕುತ್ತೀರೋ ಅವರದನ್ನಾದರೂ ನೋಡಿ.

‘ಬಿಸಿನೆಸ್ ಇಂಟೆಲಿಜೆನ್ಸ್’ ಎಂಬ ಮಾತನ್ನು ಶೀರ್ಷಿಕೆಯಲ್ಲಿಟ್ಟು 1958ರಲ್ಲೇ ಪ್ರಬಂಧ ಬರೆದ ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ ಅವರ ಯೋಚನೆ, ಮಾಹಿತಿಯನ್ನು ಅದು ಬೇಕಾದವರಿಗೆ ತಲುಪಿಸುವುದಾಗಿತ್ತು. ತಲುಪಿದ ಮೇಲೆ ಯೋಚಿಸುವ ಹೊಣೆ ಮನುಷ್ಯನದೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿರ್ಧಾರದ ಹೊಣೆ ಹೊರಲಾರದವರು ಈಗ ಡೇಟಾ ಹೇಳಿತು ಎನ್ನುತ್ತಿದ್ದಾರೆ.

ನಿಮ್ಮಲ್ಲಿ ಅನೇಕರು ಇಂಥ ಹುದ್ದೆಗಳಲ್ಲಿದ್ದೀರಿ. ಮೇಷ್ಟರ ಕೋರಿಕೆ ಇಷ್ಟೇ: ಒಬ್ಬರ ಕೆಲಸವನ್ನೋ ಸಾಲವನ್ನೋ ಕಿತ್ತುಕೊಳ್ಳುವ ಮುನ್ನ ಅವರನ್ನು ಒಮ್ಮೆ ಮಾತನಾಡಿಸಿ. ಆಮೇಲೆ ನಿರ್ಧಾರದ ಕೆಳಗೆ ನಿಮ್ಮ ಹೆಸರು ಬರೆಯಿರಿ. ಬರೆಯಲು ಕೈ ನಡುಗಿದರೆ, ಲೆಕ್ಕವನ್ನು ಇನ್ನೊಮ್ಮೆ ನೋಡಿ.

ಹೊರಡುವಾಗ ಆ ಹುಡುಗನನ್ನು ಕೇಳಿದೆ: “ಆ ಎಂಟರಲ್ಲಿ ಒಂದು ಮಳಿಗೆಯನ್ನಾದರೂ ಕಣ್ಣಾರೆ ನೋಡಿದ್ದೀಯಾ?” ಇಲ್ಲವೆಂದು ತಲೆ ಅಲ್ಲಾಡಿಸಿದ. ಮುಂದಿನ ವಾರ ಹೋಗಿಬರುವುದಾಗಿ ಮಾತು ಕೊಟ್ಟಿದ್ದಾನೆ. ಏನು ಕಂಡನೆಂಬುದನ್ನು ಇಲ್ಲಿಯೇ ಬರೆಯುತ್ತೇನೆ.