ಒಂದು ಹಾಡಿನ ಕೀರ್ತಿ, ಉಳಿದ ಹಾಡುಗಳ ಹಕ್ಕು

ನವರಾತ್ರಿ ಸಮೀಪಿಸಿತೆಂದರೆ ಮೈಸೂರಿನಲ್ಲಿ ಯುವ ದಸರೆಯ ವೇದಿಕೆಗೆ ಯಾರು ಬರುವರೆಂಬ ಚರ್ಚೆ ಮೊದಲಾಗುತ್ತದೆ. ಬರುವವರು ಯಾರೇ ಆಗಲಿ, ಅವರು ಯಾವ ಹಾಡನ್ನು ಹಾಡತಕ್ಕದ್ದೆಂಬುದನ್ನು ಮಾತ್ರ ಸಭೆ ಮುಂಚೆಯೇ ನಿಶ್ಚಯಿಸಿಕೊಂಡಿರುತ್ತದೆ. ಆ ಹಾಡು ಬರುವವರೆಗಿನದೆಲ್ಲ ಕಾಲಯಾಪನೆ, ಬಂದುಹೋದ ಮೇಲಿನದೆಲ್ಲ ಅನಾವಶ್ಯಕ ಎಂಬಂತೆ ವರ್ತಿಸುವ ನಾವು, ನಮಗರಿಯದೆಯೇ ಕಲಾವಿದರಿಗೆ ಒಂದು ಅನ್ಯಾಯವನ್ನು ಎಸಗುತ್ತಿದ್ದೇವೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಊರಿನಲ್ಲಿ ಬೆಳೆದು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ಪದವಿಯನ್ನು ಚಿನ್ನದ ಪದಕದೊಡನೆ ಪಡೆದು, ಭರತನಾಟ್ಯವನ್ನೂ ಶ್ರದ್ಧೆಯಿಂದ ಅಭ್ಯಸಿಸಿದ ರಘು ದೀಕ್ಷಿತರ ತಂಡದ ವೃತ್ತಾಂತವನ್ನೇ ನೋಡಬಹುದು. 'ಅಂತರಾಗ್ನಿ' ಎಂಬ ಮೊದಲ ತಂಡ ಚದುರಿದ ಬಳಿಕ 2005ರಲ್ಲಿ ಅವರು 'ರಘು ದೀಕ್ಷಿತ್ ಪ್ರಾಜೆಕ್ಟ್' ಕಟ್ಟಿದರು. ಧ್ವನಿಮುದ್ರಣ ಸಂಸ್ಥೆಗಳ ನಿರಾಕರಣೆಯನ್ನು ವರ್ಷಗಟ್ಟಲೆ ಸಹಿಸಿದ ಮೇಲೆ, 2008ರಲ್ಲಿ ವಿಶಾಲ್–ಶೇಖರ್ ಜೋಡಿಯ ಆಶ್ರಯದಲ್ಲಿ ಅವರ ಮೊದಲ ಆಲ್ಬಂ ಹೊರಬಂದಿತು. ಶಿಶುನಾಳ ಶರೀಫರ ತತ್ತ್ವಪದಗಳು ಗಿಟಾರು ಪಿಟೀಲುಗಳ ಸಹವಾಸದಲ್ಲಿ ನವೀನವಾದ ಕಾಂತಿಯನ್ನು ತಳೆದ ಸಂಪುಟವದು. ಅದೇ ವರ್ಷ ಬಂದ 'ಸೈಕೋ' ಚಿತ್ರಕ್ಕೆ ಅವರು ಸಂಯೋಜಿಸಿದ ಮಹದೇಶ್ವರನ ಹಾಡು ನಾಡಿನ ಬಾಯಲ್ಲೆಲ್ಲ ನಲಿಯಿತು. ನಮ್ಮ ಸೀಮೆಯ ಅನೇಕರಿಗೆ ದೀಕ್ಷಿತರೆಂದರೆ ಇಂದಿಗೂ ಆ ಹಾಡೇ.

ಆದರೆ ಅಲ್ಲಿಂದ ಮುಂದೆ ಆ ತಂಡ ಸುಮ್ಮನೆ ಕುಳಿತಿತೆ? 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡರ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಗ್ಲಾಸ್ಟನ್‌ಬರಿಯ ಉತ್ಸವವನ್ನು ಮುಟ್ಟಿತು. ಅದೇ ವರ್ಷ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿಯನ್ನು ಗಳಿಸಿತು. 2013ರಲ್ಲಿ 'ಜಗ್ ಚಂಗಾ' ಎಂಬ ಎರಡನೆಯ ಆಲ್ಬಂ ಹೊರಡಿಸಿತು. ಇಷ್ಟೆಲ್ಲ ದುಡಿಮೆಯನ್ನು ಒಂದು ಹಾಡಿನ ಅಡಿಟಿಪ್ಪಣಿಯಾಗಿಸುವುದು ನ್ಯಾಯವಲ್ಲ.

ಒಂದು ಹಾಡು ಜನಮನವನ್ನು ಸೂರೆಗೊಳ್ಳುವುದು ಹಾಡುಗಾರನ ಯೋಗ್ಯತೆಯೊಂದರಿಂದಲೇ ಅಲ್ಲ. ಮಹದೇಶ್ವರನ, ಅಂದರೆ ಮಾದಪ್ಪನ, ಕಥನವನ್ನು ಕಂಸಾಳೆಯ ತಾಳದಲ್ಲಿ ತಲೆಮಾರುಗಳ ಕಾಲ ಹಾಡಿಕೊಂಡು ಬಂದ ದೇವರಗುಡ್ಡರು ಮೈಸೂರು, ಚಾಮರಾಜನಗರಗಳ ಕಿವಿಯನ್ನು ಹದಗೊಳಿಸಿ ಇಡದಿದ್ದರೆ, ಚಿತ್ರಗೀತೆಗೆ ಅಂತಹ ಸ್ವಾಗತ ದೊರೆಯುತ್ತಿತ್ತೆಂದು ನಾನು ನಂಬಲಾರೆ. ಹೊರದೇಶಗಳಲ್ಲಿಯೂ ಹೀಗೆಯೇ: ಸ್ಪೇನಿನ 'ಲೋಸ್ ದೆಲ್ ರಿಯೊ' ಎಂಬ ಜೋಡಿ 1962ರಿಂದ ಹಾಡುತ್ತಿದ್ದರೂ, 1993ರ 'ಮಕರೇನಾ', ಬೇರೆಯವರು ಮಾರ್ಪಡಿಸಿದ ರೂಪದಲ್ಲಿ, 1996ರಲ್ಲಿ ಅಮೆರಿಕದ ಪಟ್ಟಿಯ ಅಗ್ರಸ್ಥಾನದಲ್ಲಿ 14 ವಾರ ನಿಂತಿತು. ಮೂರು ದಶಕಗಳ ಪರಿಶ್ರಮವನ್ನು ಲೋಕ ಆ ಒಂದು ಕುಣಿತದಲ್ಲಿ ಮರೆಯಿತು.

ಸಾಹಿತ್ಯದಲ್ಲಿಯೂ ಈ ವಿಧಿಗೆ ನಮ್ಮದೇ ಉದಾಹರಣೆಯುಂಟು. 1942ರ 'ಮೈಸೂರ ಮಲ್ಲಿಗೆ'ಯ ಪರಿಮಳಕ್ಕೆ ಮನಸೋತವರಲ್ಲಿ ಎಷ್ಟು ಮಂದಿ, ಅದೇ ಕೆ. ಎಸ್. ನರಸಿಂಹಸ್ವಾಮಿಯವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ತಂದ 'ತೆರೆದ ಬಾಗಿಲು' ಸಂಕಲನದ ಪುಟಗಳನ್ನು ತೆರೆದಿದ್ದಾರೆ?

ಪರಿಚಿತವಾದುದನ್ನು ಮತ್ತೆ ಕೇಳುವ ಆನಂದ ನಿರ್ದುಷ್ಟವಾದುದು. ಆ ಒಂದು ಹಾಡೇ ಎಷ್ಟೋ ತಂಡಗಳಿಗೆ ಅನ್ನವಿಕ್ಕುವುದೂ ಸತ್ಯ. ಆದುದರಿಂದ ಅದನ್ನು ಹಾಡಬಾರದೆಂದು ಯಾರೂ ಹೇಳಲಾರರು. ಆದರೆ ಹೊಸ ರಚನೆಗೆ ಕಿವಿಗೊಡದ ಊರಿನಲ್ಲಿ ಎರಡನೆಯ ಹಾಡು ಹುಟ್ಟುವ ಸಂಭವವೇ ಕ್ಷೀಣಿಸುತ್ತದೆ. ದಸರೆಯ ವ್ಯವಸ್ಥಾಪಕರು ಯುವ ದಸರೆಯಲ್ಲಿಯೂ ಮಾನಸಗಂಗೋತ್ರಿಯ ಯುವ ಸಂಭ್ರಮದಲ್ಲಿಯೂ ಪ್ರತಿ ಸಂಜೆ ಸ್ಥಳೀಯ ತಂಡಗಳ ಸ್ವಂತ ರಚನೆಗಳಿಗೆಂದೇ ಒಂದು ಗಂಟೆಯನ್ನು ಮೀಸಲಿಡಲಿ. ಶ್ರೋತೃಗಳಾದ ನಾವು ಆ ಒಂದು ಗಂಟೆ ತಾಳ್ಮೆಯಿಂದ ಕುಳಿತು ಕೇಳೋಣ. ಮೆಚ್ಚುವುದೂ ಮೆಚ್ಚದಿರುವುದೂ ಅನಂತರದ ಮಾತು.