ಬೊಂಬೆ ರೇಟಲ್ಲಿ 50 ರೂಪಾಯಿ ಇಳಿದ್ರೆ ಕತ್ತರಿ ಬೀಳೋದು ಯಾರ ಜೇಬಿಗೆ?

ಚನ್ನಪಟ್ಟಣ: "ಏನಣ್ಣ, ಮರದ ಬೊಂಬೆಗೆ ಇಷ್ಟೊಂದ್ ರೇಟಾ? ಆನ್‌ಲೈನಲ್ಲಿ ಅರ್ಧಕ್ಕೇ ಸಿಗುತ್ತೆ ಬಿಡಿ." ಹಳೇ ಬೆಂಗಳೂರು-ಮೈಸೂರು ರಸ್ತೆಯ ಬೊಂಬೆ ಅಂಗಡಿಗಳಿಗೆ ಈ ಮಾತು ಹೊಸದಲ್ಲ. ಆದರೆ ಮೊದಲು ಒಬ್ಬ ಗಿರಾಕಿ ಹೀಗಂದು ಎದ್ದು ಹೋದರೆ ಹಿಂದೆಯೇ ಇನ್ನೊಂದು ಕಾರು ಬಂದು ನಿಲ್ಲುತ್ತಿತ್ತು. ಈಗ ಹಾಗಿಲ್ಲ.

2023ರ ಮಾರ್ಚ್ 12ರಂದು 118 ಕಿ.ಮೀ. ಉದ್ದದ ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ ಎರಡನ್ನೂ ಪಕ್ಕಕ್ಕೆ ಬಿಟ್ಟು ಬೈಪಾಸ್ ಸಾಗುತ್ತದೆ. ಮೈಸೂರಿಗೆ ಹೋಗುವವರಿಗೆ ಟೈಮ್ ಉಳಿಯಿತು. ಕಾಫಿಗೆ ನಿಲ್ಲಿಸಿ, ಮಗು ಹಟ ಮಾಡಿತೆಂದು ಬೊಂಬೆ ಕೊಳ್ಳುತ್ತಿದ್ದ ವ್ಯಾಪಾರ ಕೈತಪ್ಪಿತು.

ರೇಟಿನ ಒಳಗೆ ಏನಿದೆ?

ಹಾಲೆ ಮರ ತಂದ ದಿನವೇ ಬೊಂಬೆಯಾಗೋದಿಲ್ಲ. ತಿಂಗಳುಗಟ್ಟಲೆ ಒಣಗಬೇಕು. ಆಮೇಲೆ ತುಂಡು ಮಾಡಿ, ಲೇತ್‌ಗೆ ಕಟ್ಟಿ, ಉಳಿ ಹಿಡಿದು ಆಕಾರ ತೆಗೆಯಬೇಕು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿ ಒತ್ತಿ ಹೊಳಪು. ಇವತ್ತು ಲೇತ್ ಕರೆಂಟಿನಲ್ಲಿ ತಿರುಗಬಹುದು, ಆದರೆ ಉಳಿ ಹಿಡಿಯೋದು ಕೈಯೇ. ಒಂದೊಂದು ಬೊಂಬೆಗೂ ಒಬ್ಬರು ಕೂರಲೇಬೇಕು. ಪ್ಲಾಸ್ಟಿಕ್ ಆಟಿಕೆ ಹಾಗಲ್ಲ, ಅಚ್ಚು ಒಂದು ಸಲ ಮಾಡಿಟ್ಟರೆ ಸಾವಿರಗಟ್ಟಲೆ ಉದುರುತ್ತದೆ. ರೇಟಿನ ವ್ಯತ್ಯಾಸದ ಮೂಲ ಇಲ್ಲಿದೆ.

ಸುಮ್ಮನೆ ಲೆಕ್ಕಕ್ಕೆ ಹಿಡಿಯೋಣ. 300 ರೂಪಾಯಿಯ ಬೊಂಬೆಯಲ್ಲಿ ಮರ, ಅರಗು, ಕರೆಂಟಿಗೆ 80, ಜೋಡಣೆ, ಪ್ಯಾಕಿಂಗ್, ಸಾಗಣೆಗೆ 40, ಅಂಗಡಿ ಬಾಡಿಗೆ ಮತ್ತು ಲಾಭಕ್ಕೆ 90, ಕುಶಲಕರ್ಮಿಯ ಕೂಲಿಗೆ 90. ಗಿರಾಕಿ ಚೌಕಾಸಿ ಮಾಡಿ 50 ಇಳಿಸಿದ ಅಂದ್ಕೊಳ್ಳಿ. ಮರದವನು ಇಳಿಸಲ್ಲ, ಕರೆಂಟ್ ಬಿಲ್ಲೂ ಇಳಿಯಲ್ಲ. ಅಂಗಡಿಯವರು 20 ತಾವು ಹೊತ್ತು, ಮುಂದಿನ ಆರ್ಡರಿನಲ್ಲಿ 30 ಕೂಲಿಯಲ್ಲಿ ಕಡಿತ ಮಾಡ್ತಾರೆ. ಗಿರಾಕಿಗೆ ಉಳಿದದ್ದು ಆರನೇ ಒಂದು ಭಾಗ. ಕೆಲಸ ಮಾಡಿದವರಿಗೆ ಹೋದದ್ದು ಕೂಲಿಯ ಮೂರನೇ ಒಂದು ಭಾಗ. ಹೀಗಾದರೆ ಮಗ ಉಳಿ ಹಿಡಿಯೋ ಬದಲು ಬಿಡದಿ ಕಡೆಯ ಫ್ಯಾಕ್ಟರಿ ಬಸ್ ಹತ್ತಿದರೆ ತಪ್ಪೇನು?

ಹೆಸರಿದೆ, ಅದು ಸಾಕಾ?

ಜಿಐ ಮಾನ್ಯತೆ ಇದೆ. 2015ರ ಗಣರಾಜ್ಯೋತ್ಸವದಲ್ಲಿ ರಾಜ್ಯದ ಸ್ತಬ್ಧಚಿತ್ರವೇ ನಮ್ಮ ಬೊಂಬೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಚನ್ನಪಟ್ಟಣದ ಹೆಸರು ಹೇಳಿದರು. ಅದೇ ವರ್ಷ ಆಮದು ಆಟಿಕೆಯ ಸುಂಕ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. 2025ರ ಸೆಪ್ಟೆಂಬರ್ 22ರಿಂದ ಆಟಿಕೆ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಆದರೆ ಈ ಇಳಿಕೆ ಮರದ ಬೊಂಬೆಗೆ ಮಾತ್ರ ಅಲ್ಲ, ಪ್ಲಾಸ್ಟಿಕ್ ಆಟಿಕೆಗೂ ಉಂಟು. ಹಾಗಾಗಿ ಎರಡರ ನಡುವಿನ ಅಂತರ ಹಾಗೇ ಉಳಿಯಿತು.

ಇದರ ಜೊತೆ ನಮ್ಮವರದ್ದೇ ಒಂದು ಎಡವಟ್ಟಿದೆ. ಒಂದೇ ಶೆಲ್ಫಿನಲ್ಲಿ ಅರಗಿನ ಬೊಂಬೆ, ಪಕ್ಕದಲ್ಲೇ ಹೊರಗಿಂದ ತಂದ ಮಾಲು, ಎರಡಕ್ಕೂ "ಚನ್ನಪಟ್ಟಣ ಬೊಂಬೆ" ಅನ್ನೋ ಒಂದೇ ಬೋರ್ಡು. ಗಿರಾಕಿಗೆ ಫರಕ್ಕು ಗೊತ್ತಾಗದಿದ್ದರೆ ಅವರು ನೋಡೋದು ರೇಟನ್ನೇ. ಒಂದು ಸಲ ಮೋಸ ಹೋದವರು ಅಸಲಿ ಮಾಲನ್ನೂ ನಂಬಲ್ಲ.

ಏನು ಮಾಡಬಹುದು?

ಮೊದಲು ಮಾಲು ಬೇರೆ ಮಾಡಿಡಬೇಕು. ಅರಗಿನ ಬೊಂಬೆಗೆ ಮರ ಯಾವುದು, ಮಾಡಿದ್ದು ಕಲಾನಗರದಲ್ಲೋ ನೀಲಸಂದ್ರದಲ್ಲೋ ಅಂತ ಒಂದು ಚೀಟಿ ಸಾಕು. ಜಾಗ ಇರುವ ಅಂಗಡಿಯವರು ಮುಂದೆಯೇ ಒಂದು ಲೇತ್ ಹಾಕಿಸಬಹುದು. ಅರಗು ಕರಗಿ ಮರಕ್ಕೆ ಬಣ್ಣ ಹತ್ತೋದನ್ನ ಕಣ್ಣಾರೆ ಕಂಡವರು ಚೌಕಾಸಿಗೆ ಅಷ್ಟಾಗಿ ಬಾಯಿ ಹಾಕಲ್ಲ. 2021ರ ಜನವರಿಯಿಂದ ಆಟಿಕೆಗೆ ಬಿಐಎಸ್ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೂ ಜಿಐ ಅಧಿಕೃತ ಬಳಕೆದಾರರಿಗೂ ಅದರಿಂದ ವಿನಾಯಿತಿ ಇದೆ. ಇನ್ನೂ ನೋಂದಣಿ ಮಾಡಿಸದವರು ಇದಕ್ಕಾದರೂ ಮಾಡಿಸಿಕೊಳ್ಳಬೇಕು. ಬೈಪಾಸ್ ಶುರುವಾಗುವ ಕಡೆ "ಬೊಂಬೆ ಊರಿಗೆ ಹೀಗೆ ಬನ್ನಿ" ಅಂತ ಕಣ್ಣಿಗೆ ಬೀಳೋ ಬೋರ್ಡು ಬೇಕು. ಅದನ್ನ ಕೇಳಿ ಪಡೆಯೋದು ವರ್ತಕರ ಕೆಲಸ, ಹಾಕಿಸೋದು ಆಡಳಿತದ ಕೆಲಸ.

ಇನ್ನು ತಾಲ್ಲೂಕಿನ ಜನರ ಮಾತು. ನಾಮಕರಣ, ಹುಟ್ಟುಹಬ್ಬ, ಸ್ಕೂಲ್ ಡೇ ಬಹುಮಾನಕ್ಕೆ ನಮ್ಮೂರಲ್ಲೇ ಪ್ಲಾಸ್ಟಿಕ್ ಡಬ್ಬ ಕಟ್ಟಿಸಿಕೊಂಡು ಹೋಗ್ತೀವಿ. ಕಾರಿನಲ್ಲಿ ಬರುವವರು ಕೊಳ್ಳಲಿ ಅಂತ ಕಾಯುವ ಮೊದಲು, ವರ್ಷಕ್ಕೆ ನಾಲ್ಕು ಉಡುಗೊರೆಯಲ್ಲಿ ಒಂದಾದರೂ ಕಲಾನಗರದಿಂದ ಬಂದರೆ ಅಲ್ಲಿ ಒಂದಷ್ಟು ಲೇತ್ ನಿಲ್ಲದೆ ತಿರುಗುತ್ತವೆ.